ಖಾತೆ ಯಾರ ಹೆಸರಿನಲ್ಲಿತ್ತು: ಮರೆಗುಳಿ ಕಾಯಿಲೆಯ ಆರೈಕೆಗೆ ಡಿಜಿಟಲ್ ವೇದಿಕೆ ಬಳಸಿದ ಒಂದು ಮನೆಯ ಪ್ರಕರಣ ಅಧ್ಯಯನ

ಮರೆಗುಳಿ ಕಾಯಿಲೆ (ಡಿಮೆನ್ಷಿಯಾ) ಇರುವವರಿಗೂ ಅವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೂ ಫೋನಿನ ಮೂಲಕ ನೆರವಾಗುವ ಒಂದು ಡಿಜಿಟಲ್ ವೇದಿಕೆಯ ಆರೈಕೆ ತಂಡದಲ್ಲಿ ನಾನು ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ಕೆಲಸ ಮಾಡುತ್ತಿದ್ದಾಗ ನೋಡಿಕೊಂಡ ಪ್ರಕರಣವಿದು. ತಂಡದಲ್ಲಿ ಒಬ್ಬ ಮನೋವೈದ್ಯರು, ಒಬ್ಬ ಶುಶ್ರೂಷಕಿ ಮತ್ತು ನಾನು ಇದ್ದೆವು. ಕುಟುಂಬದ ಒಪ್ಪಿಗೆ ಪಡೆದು, ಹೆಸರುಗಳನ್ನೂ ಊರನ್ನೂ ಗುರುತು ಹಿಡಿಯಬಹುದಾದ ಇತರ ವಿವರಗಳನ್ನೂ ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಇದರಲ್ಲಿ ಬರುವ ತಪ್ಪುಗಳಲ್ಲಿ ಕೆಲವು ನನ್ನವು, ಕೆಲವು ವೇದಿಕೆಯ ರಚನೆಯವು. ಇಂಥ ವೇದಿಕೆಗಳನ್ನು ಕಟ್ಟುವವರಿಗೂ ಬಳಸುವವರಿಗೂ ಉಪಯೋಗವಾಗಬಹುದೆಂದು ಅವುಗಳನ್ನು ಮುಚ್ಚಿಡದೆ ಹೇಳಿದ್ದೇನೆ.

ಮನೆ ಮತ್ತು ಕಾಯಿಲೆ

ಇಲ್ಲಿ ಮೇಷ್ಟ್ರು ಎಂದು ಕರೆಯುವ ಹಿರಿಯರಿಗೆ ಆಗ 74 ವರ್ಷ. ಮಲೆನಾಡಿನ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದು ನಿವೃತ್ತರಾದವರು. ಮನೆಯ ಕೆಳಗೆ ಅಡಿಕೆ ತೋಟವಿದೆ. ಅದನ್ನು ನೋಡಿಕೊಳ್ಳುವವರು ಹಿರಿಯ ಮಗ. ಮೇಷ್ಟ್ರ ಪತ್ನಿಗೆ ಮಂಡಿನೋವು ಬಲವಾಗಿದ್ದು, ಎದ್ದು ಓಡಾಡುವುದೇ ಕಷ್ಟ. ಕಿರಿಯ ಮಗ, ಇಲ್ಲಿ ಪ್ರಶಾಂತ್, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದರು. ಬೆಳಗಿನ ಸ್ನಾನವನ್ನು ಹಿರಿಯ ಮಗ ಮಾಡಿಸುತ್ತಿದ್ದರು. ಉಳಿದಂತೆ ಊಟ, ಮಾತ್ರೆ, ಬಟ್ಟೆ, ರಾತ್ರಿಯ ಕಾವಲು ಎಲ್ಲವೂ ಹಿರಿಯ ಸೊಸೆ ಸುಮಿತ್ರಾ ಅವರ ಪಾಲಿಗೆ ಬಂದಿತ್ತು. ಅವರಿಗೆ 43 ವರ್ಷ. ಕೊಟ್ಟಿಗೆಯ ಕೆಲಸವೂ ಅವರದೇ.

ಮೇಷ್ಟ್ರು ಸೊಸೈಟಿಯ ಲೆಕ್ಕವನ್ನು ಎರಡೆರಡು ಸಲ ತಪ್ಪು ಬರೆದದ್ದು, ಪಿಂಚಣಿ ಬಂತೇ ಎಂದು ಒಂದೇ ಬೆಳಗ್ಗೆ ಐದಾರು ಸಲ ಕೇಳಿದ್ದು ಮನೆಯವರಿಗೆ ಮೊದಲು ಕಂಡ ಬದಲಾವಣೆಗಳು. ಅರವತ್ತಕ್ಕೆ ಅರಳು ಮರಳು ಎಂಬ ಮಾತು ನಮ್ಮಲ್ಲಿ ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆಂದರೆ, ಅದರ ನೆರಳಿನಲ್ಲಿ ಎರಡು ವರ್ಷ ಕಳೆದುಹೋಯಿತು. ಪೇಟೆಯಿಂದ ಬರುವಾಗ ಬೇರೆ ಊರಿನ ನಿಲ್ದಾಣದಲ್ಲಿ ಬಸ್ಸಿಳಿದು, ಮನೆಯ ದಾರಿ ತಿಳಿಯದೆ ಕತ್ತಲಾಗುವವರೆಗೆ ಕೂತಿದ್ದ ದಿನ ಪ್ರಶಾಂತ್ ತಂದೆಯನ್ನು ಬೆಂಗಳೂರಿಗೆ ಕರೆದೊಯ್ದರು. ಥೈರಾಯ್ಡ್, ಬಿ12, ಮಿದುಳಿನ ಎಂಆರ್‌ಐ ಮುಂತಾದ ಪರೀಕ್ಷೆಗಳ ನಂತರ ಆಲ್ಝೈಮರ್ ಬಗೆಯ ಮರೆಗುಳಿ ಕಾಯಿಲೆಯ ಆರಂಭದ ಹಂತ ಎಂದು ತೀರ್ಮಾನವಾಯಿತು. ಮರೆವಿಗೆ ಕೊಡುವ ಡೊನೆಪೆಜಿಲ್ ಎಂಬ ಮಾತ್ರೆ 5 ಮಿಲಿಗ್ರಾಂನಿಂದ ಆರಂಭವಾಗಿ, ಆರು ವಾರಗಳ ಬಳಿಕ 10 ಮಿಲಿಗ್ರಾಂಗೆ ಏರಿತು. ಇದು ಸಾಮಾನ್ಯವಾಗಿ ಅನುಸರಿಸುವ ಕ್ರಮವೇ.

ಇಂಥ ಮನೆಗಳು ವಿರಳವಲ್ಲ. ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆಗುಳಿ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ. ನಗರಕ್ಕಿಂತ ಹಳ್ಳಿಗಳಲ್ಲಿ ಪ್ರಮಾಣ ಹೆಚ್ಚೆಂದೂ ಅದು ಹೇಳುತ್ತದೆ. ಕಾಯಿಲೆ ಹಳ್ಳಿಯಲ್ಲಿ ಹೆಚ್ಚು, ತಜ್ಞರು ನಗರದಲ್ಲಿ ಹೆಚ್ಚು ಎಂಬ ಈ ಅಂತರವೇ ನಮ್ಮಂಥ ವೇದಿಕೆಗಳಿಗೆ ಕಾರಣ.

ವೇದಿಕೆ ಮನೆಗೆ ಬಂದದ್ದು

ಜೂನ್ ತಿಂಗಳಲ್ಲಿ ಪ್ರಶಾಂತ್ ನೋಂದಾಯಿಸಿದರು. ಖಾತೆ ಅವರ ಹೆಸರಿನಲ್ಲಿ, ಹಣ ಕಟ್ಟಿದವರು ಅವರು, ಒಪ್ಪಿಗೆಯ ಪುಟದಲ್ಲಿ ಗುರುತು ಹಾಕಿದವರೂ ಅವರು. ಸುಮಿತ್ರಾ ಅವರ ಫೋನಿನಲ್ಲಿ ಆಪ್ ಇತ್ತಾದರೂ ಅದು ಸಹಾಯಕ ಬಳಕೆದಾರರ ಪ್ರವೇಶ ಮಾತ್ರ: ಕೊಟ್ಟ ಮಾತ್ರೆಗೆ ಗುರುತು ಹಾಕಬಹುದು, ದಿನದ ಐದು ಪ್ರಶ್ನೆಗಳಿಗೆ ಉತ್ತರಿಸಬಹುದು, ಪಾಠಗಳನ್ನು ಓದಬಹುದು. ಔಷಧದ ಪಟ್ಟಿಗೆ ಹೊಸದನ್ನು ಸೇರಿಸುವುದಾಗಲಿ, ವೈದ್ಯರೊಂದಿಗೆ ಸಮಯ ನಿಗದಿ ಮಾಡುವುದಾಗಲಿ ಅವರಿಂದ ಆಗದು. ನೋಂದಣಿಯ ದಿನ ಇದು ನನ್ನ ಕಣ್ಣಿಗೆ ಬಿದ್ದಿತ್ತು. ಮನೆಯಲ್ಲಿ ವಿದ್ಯಾವಂತ ಮಗನೊಬ್ಬ ಜವಾಬ್ದಾರಿ ಹೊತ್ತಿದ್ದಾನೆಂದು ಸಮಾಧಾನಪಟ್ಟೆನೇ ಹೊರತು, ಮುಂದೇನಾಗಬಹುದು ಎಂದು ಯೋಚಿಸಲಿಲ್ಲ.

2020ರ ಮಾರ್ಚ್ 25ರಂದು ಹೊರಬಂದ ಭಾರತದ ದೂರವೈದ್ಯ (ಟೆಲಿಮೆಡಿಸಿನ್) ಮಾರ್ಗಸೂಚಿಯಲ್ಲಿ, ಮರೆಗುಳಿ ಕಾಯಿಲೆಯಂಥ ಸ್ಥಿತಿಯಿಂದಾಗಿ ರೋಗಿಯೇ ಮಾತನಾಡಲಾರದಿದ್ದರೆ ಆರೈಕೆದಾರರು ಅವರ ಪರವಾಗಿ ವೈದ್ಯರೊಂದಿಗೆ ಸಮಾಲೋಚಿಸಬಹುದು ಎಂಬ ಅವಕಾಶವಿದೆ. ಕಾಯಿಲೆಯ ಹೆಸರನ್ನೇ ಅದು ಉದಾಹರಣೆಯಾಗಿ ಕೊಟ್ಟಿದೆ. ಆದರೆ ಒಂದು ಮನೆಯಲ್ಲಿ ನಾಲ್ವರಿದ್ದಾಗ ಆರೈಕೆದಾರರೆಂದರೆ ಯಾರು? ನಮ್ಮ ವೇದಿಕೆ ಆ ಪ್ರಶ್ನೆಯನ್ನು ಕೇಳಲೇ ಇಲ್ಲ; ಖಾತೆ ತೆರೆದವರೇ ಆರೈಕೆದಾರರು ಎಂದು ಅದು ಎಣಿಸಿತು.

ಮೊದಲ ಎರಡು ತಿಂಗಳಲ್ಲಿ ಪ್ರಯತ್ನಿಸಿದ ಮೂರು ಸಂಗತಿಗಳನ್ನು ಹೇಳಬೇಕು.

ಒಂದು, ದಿನದ ಪ್ರಶ್ನೆಗಳು. ನಿದ್ರೆ, ಊಟ, ಮೂಡ್, ಓಡಾಟ ಮತ್ತು ವರ್ತನೆ ಎಂಬ ಐದು ವಿಷಯಗಳಿಗೆ ಒತ್ತಿ ಉತ್ತರಿಸುವ ಗುಂಡಿಗಳಿದ್ದವು. ವರ್ತನೆಯ ಪ್ರಶ್ನೆಯ ಕನ್ನಡ ಹೀಗಿತ್ತು: ‘ಇಂದು ರೋಗಿಯಲ್ಲಿ ಉದ್ರೇಕ ಕಂಡುಬಂದಿತೇ?’ ಕೂತಲ್ಲಿ ಕೂರಲಾಗದ ಚಡಪಡಿಕೆ, ಸಿಟ್ಟು, ಕೂಗಾಟ ಎಂಬುದು ಅದನ್ನು ಬರೆದವರ ಮನಸ್ಸಿನಲ್ಲಿದ್ದ ಅರ್ಥ. ಮಾವನ ಬಗ್ಗೆ ಸೊಸೆಯನ್ನು ಕೇಳುವಾಗ ಆ ಪದ ಹೇಗೆ ಕೇಳಿಸುತ್ತದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಸುಮಿತ್ರಾ ನಾಚಿಕೆಯಿಂದ ಪ್ರತಿದಿನವೂ ‘ಇಲ್ಲ’ ಒತ್ತಿದರು. ಮೇಷ್ಟ್ರು ಊಟದ ಬಟ್ಟಲನ್ನು ಅಂಗಳಕ್ಕೆ ಎಸೆದ ದಿನವೂ ಉತ್ತರ ‘ಇಲ್ಲ’ ಎಂದೇ ಇತ್ತು. ಇದು ನಮಗೆ ತಿಳಿದದ್ದು ಮೂರು ತಿಂಗಳ ನಂತರ.

ಎರಡು, ದಾರಿ ತಪ್ಪದಂತೆ ಕಾಯುವ ಕೈಗಡಿಯಾರ. ಇರುವ ಜಾಗವನ್ನು ಫೋನಿಗೆ ತಿಳಿಸುವ ಗಡಿಯಾರವೊಂದನ್ನು ಪ್ರಶಾಂತ್ ತರಿಸಿಕೊಟ್ಟರು. ಮೇಷ್ಟ್ರಿಗೆ ಮೂವತ್ತು ವರ್ಷ ಕಟ್ಟಿದ ಎಚ್‌ಎಂಟಿ ಗಡಿಯಾರ ಬಿಟ್ಟರೆ ಬೇರೆಯದು ಕೈಗೆ ಒಗ್ಗಲಿಲ್ಲ. ಬಿಚ್ಚಿ ಅಟ್ಟದ ಮೇಲಿಟ್ಟರು. ಕಟ್ಟಿಸಿದ ದಿನಗಳಲ್ಲೂ ತೋಟದ ಕೆಳಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ, ಮಳೆಗಾಲದಲ್ಲಿ ಕರೆಂಟಿಲ್ಲದೆ ಅದು ಚಾರ್ಜ್ ಆಗುತ್ತಿರಲಿಲ್ಲ. ಒಂದು ವಾರದಲ್ಲಿ ಅದನ್ನು ಕೈಬಿಟ್ಟೆವು. ಅದರ ಬದಲು ಸುಮಿತ್ರಾ ಮಾಡಿದ ಏರ್ಪಾಡು ಹೀಗಿತ್ತು: ಅಂಗಳದ ದಣಪೆಗೆ (ಗೇಟಿಗೆ) ದನದ ಕೊರಳಗಂಟೆಯೊಂದನ್ನು ಕಟ್ಟಿದರು, ಅಂಗಿಯ ಜೇಬಿನ ಒಳಮೈಗೆ ಫೋನ್ ನಂಬರಿನ ಬಟ್ಟೆಪಟ್ಟಿ ಹೊಲಿದರು. ಮೇಷ್ಟ್ರು ಹೊರಟರೆ ಹೆಚ್ಚಾಗಿ ತಾವು ಪಾಠ ಮಾಡಿದ ಶಾಲೆಯ ಕಡೆಗೇ ಹೋಗುತ್ತಿದ್ದರು. ಹಾಗಾಗಿ ಈಗಿನ ಶಿಕ್ಷಕರಿಗೆ ವಿಷಯ ತಿಳಿಸಿದರು. ಅವರು ಮೇಷ್ಟ್ರನ್ನು ಆಫೀಸು ಕೋಣೆಯಲ್ಲಿ ಕೂರಿಸಿ, ಹಳೆಯ ಹಾಜರಿ ಪುಸ್ತಕ ಕೈಗೆ ಕೊಟ್ಟು, ಮನೆಗೆ ಫೋನ್ ಮಾಡುತ್ತಿದ್ದರು. ನಾನು ಇದನ್ನು ನಮ್ಮ ದಾಖಲೆಯಲ್ಲಿ ಬರೆಯಹೋದಾಗ ‘ಬಳಸಿದ ಸಾಧನ’ ಎಂಬ ಕಡೆ ಕೊಟ್ಟಿದ್ದ ಆಯ್ಕೆಗಳಲ್ಲಿ ಇದಕ್ಕೆ ಹೊಂದುವುದು ಯಾವುದೂ ಇರಲಿಲ್ಲ.

ಮೂರು, ಆರೈಕೆದಾರರಿಗೆ ಪಾಠಗಳು. ವಿಶ್ವ ಆರೋಗ್ಯ ಸಂಸ್ಥೆಯ ಐಸಪೋರ್ಟ್ ಎಂಬ ತರಬೇತಿ ಕಾರ್ಯಕ್ರಮ ಐದು ಭಾಗಗಳಲ್ಲಿ 23 ಪಾಠಗಳನ್ನು ಕೊಡುತ್ತದೆ; ಕಾಯಿಲೆ ಎಂದರೇನು ಎಂಬಲ್ಲಿಂದ ಆರಂಭಿಸಿ ನೋಡಿಕೊಳ್ಳುವವರು ತಮ್ಮನ್ನು ನೋಡಿಕೊಳ್ಳುವುದು, ದಿನನಿತ್ಯದ ಆರೈಕೆ, ವರ್ತನೆಯ ಬದಲಾವಣೆಗಳನ್ನು ನಿಭಾಯಿಸುವುದು ಎಲ್ಲವೂ ಅದರಲ್ಲಿವೆ. ನಮ್ಮ ಪಾಠಗಳೂ ಅದೇ ಜಾಡಿನವು. ಸುಮಿತ್ರಾ ಮೂರನೆಯ ಪಾಠಕ್ಕೆ ನಿಂತರು. ಇದನ್ನು ಅವರ ಸೋಮಾರಿತನ ಎಂದು ನೋಡಬಾರದು. ಐಸಪೋರ್ಟನ್ನು ಭಾರತಕ್ಕೆ ಹೊಂದಿಸಿ ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರು ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಸೇರಿದವರಲ್ಲಿ ಬಹುಪಾಲು ಮಂದಿ ಕೊನೆಯವರೆಗೆ ಉಳಿಯಲಿಲ್ಲ. ಆರೈಕೆಯ ಹೊರೆ ಮತ್ತು ಖಿನ್ನತೆಯಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. ರೋಗಿಯನ್ನು ಒಬ್ಬ ವ್ಯಕ್ತಿಯಾಗಿ ಕಾಣುವ ಮನೋಭಾವ ಮಾತ್ರ ಸುಧಾರಿಸಿತ್ತು. ಓದಿ ಕಲಿಯಲು ಬೇಕಾದ ಅರ್ಧ ಗಂಟೆ ಬಿಡುವು ಈ ಕೆಲಸ ಮಾಡುವವರಿಗೆ ಸಿಗುವುದೇ ಇಲ್ಲ ಎಂಬುದು ನನ್ನ ಅನುಭವ.

ಆಗಸ್ಟ್

ಜುಲೈ ಕೊನೆಯಲ್ಲಿ ಮೇಷ್ಟ್ರು ಮೇಲಿಂದ ಮೇಲೆ ಮೂತ್ರಕ್ಕೆ ಎದ್ದು ಹೋಗತೊಡಗಿದರು. ಬಚ್ಚಲು ತಲುಪುವುದರೊಳಗೆ ಪಂಚೆ ಒದ್ದೆಯಾಗುತ್ತಿತ್ತು. ಮಳೆಗಾಲ, ಥಂಡಿ, ವಯಸ್ಸು ಎಂದು ಎಲ್ಲರೂ ಹೇಳಿದರು. ಹಿರಿಯ ಮಗ ಪೇಟೆಯ ವೈದ್ಯರಲ್ಲಿಗೆ ಕರೆದೊಯ್ದರು. ಬೆಂಗಳೂರಿನ ಚೀಟಿಗಳೆಲ್ಲ ಪ್ರಶಾಂತ್ ಅವರ ಬಳಿ ಇದ್ದವು. ‘ಮರೆವಿಗೆ ಒಂದು ಮಾತ್ರೆ ಇದೆ’ ಎಂಬುದಷ್ಟೇ ವೈದ್ಯರಿಗೆ ತಿಳಿಯಿತು. ಅವರು ಮೂತ್ರದ ಆತುರಕ್ಕೆ ಟಾಲ್ಟೆರೊಡಿನ್ ಬರೆದುಕೊಟ್ಟರು. ಆ ದಿನ ಮೇಷ್ಟ್ರಿಗೆ ನೆಗಡಿಯೂ ಇದ್ದುದರಿಂದ ಔಷಧ ಅಂಗಡಿಯವರು ಕ್ಲೋರ್‌ಫೆನಿರಮಿನ್ ಇರುವ ನೆಗಡಿ ಮಾತ್ರೆಯನ್ನೂ ಕೊಟ್ಟರು.

ಆಗಸ್ಟ್ ಮೂರನೆಯ ವಾರದಿಂದ ಮೇಷ್ಟ್ರ ಸ್ಥಿತಿ ಇಳಿಯಿತು. ಸಂಜೆಯಾದರೆ ತೂಕಡಿಕೆ, ರಾತ್ರಿ ಎಚ್ಚರ, ‘ಮಕ್ಕಳನ್ನು ಬಿಡಬೇಕು, ಗಂಟೆ ಬಾರಿಸಿ’ ಎಂಬ ಕೂಗು, ಬಾಗಿಲ ಚಿಲಕ ಎಳೆಯುವುದು. ಹತ್ತಿರ ಹೋದ ಸುಮಿತ್ರಾ ಅವರ ಕೈ ತಿರುಚಿದ್ದೂ ಉಂಟು. ಅದೇ ಹೊತ್ತಿಗೆ ಗಾಳಿಮಳೆಗೆ ಟವರ್ ಕೆಟ್ಟು ಹನ್ನೊಂದು ದಿನ ಅವರ ಫೋನಿನಿಂದ ಏನೂ ಬರಲಿಲ್ಲ. ಖಾಲಿ ಬಿಡಬಾರದೆಂದು ಪ್ರಶಾಂತ್ ಬೆಂಗಳೂರಿನಿಂದ ರಾತ್ರಿ ಮನೆಯ ಸ್ಥಿರದೂರವಾಣಿಗೆ ಕರೆ ಮಾಡಿ, ತಾಯಿಯನ್ನು ಕೇಳಿ, ತಾವೇ ಉತ್ತರ ತುಂಬಿದರು. ತಾಯಿ ಹೇಳುತ್ತಿದ್ದದ್ದು, ‘ಇದ್ದಾರೆ ಮಾರಾಯ, ಹಾಗೇ ಇದ್ದಾರೆ.’ ಮಗನಿಗೆ ಆತಂಕವಾಗದಿರಲಿ ಎಂದು ತಾಯಂದಿರು ಆಡುವ ಮಾತದು. ತಂಡದ ಪರದೆಯಲ್ಲಿ ಆ ಹನ್ನೊಂದು ದಿನಗಳು ಉಳಿದ ದಿನಗಳಂತೆಯೇ ಕಾಣುತ್ತಿದ್ದವು; ಯಾರು ತುಂಬಿದರು ಎಂಬುದು ವೇದಿಕೆಯ ಒಳಗಿನ ಕಡತದಲ್ಲಿ ಹುಡುಕಿದರೆ ಮಾತ್ರ ಸಿಗುತ್ತಿತ್ತು.

ಟವರ್ ಸರಿಯಾದ ಮೇಲೆ ನಿದ್ರೆ ಮತ್ತು ಓಡಾಟದ ಅಂಕಗಳು ಒಮ್ಮೆಲೇ ಕುಸಿದವು. ವೇದಿಕೆಯ ಲೆಕ್ಕಾಚಾರ ಇದನ್ನು ‘ಮಧ್ಯಮ ಹಂತದತ್ತ ಸಾಗುತ್ತಿರಬಹುದು’ ಎಂದು ಓದಿ, ವರ್ತನೆಯ ಪಾಠವನ್ನು ಮನೆಗೆ ಕಳಿಸಿ, ನಮಗೆ ಸೂಚನೆ ಕೊಟ್ಟಿತು. ನಾನು ಅದನ್ನು ನಂಬಿದೆ. ಆಲ್ಝೈಮರ್ ಕಾಯಿಲೆ ಹತ್ತು ದಿನಗಳಲ್ಲಿ ಹೀಗೆ ಇಳಿಯುವುದಿಲ್ಲ. ದಿನಗಳ ಲೆಕ್ಕದಲ್ಲಿ ಬಂದ ಬದಲಾವಣೆಗೆ ಬೇರೆ ಕಾರಣ ಹುಡುಕಬೇಕು ಎಂಬುದು ನನಗೆ ತಿಳಿಯದ ವಿಷಯವೇನಲ್ಲ. ಆದರೂ ಗೆರೆ ಕೆಳಮುಖವಾಗಿರುವುದನ್ನು ಕಂಡಾಗ ಎಷ್ಟು ಬೇಗ ಇಳಿಯಿತು ಎಂದು ನಾನು ನೋಡಲಿಲ್ಲ.

ವಿಡಿಯೊ ಸಮಾಲೋಚನೆ ಮತ್ತು ಮರುದಿನದ ಫೋನ್

ಸೆಪ್ಟೆಂಬರ್ ಮೊದಲ ವಾರ ವಿಡಿಯೊ ಸಮಾಲೋಚನೆ ನಡೆಯಿತು. ಬೆಂಗಳೂರಿನಿಂದ ಪ್ರಶಾಂತ್, ಮನೆಯಿಂದ ಮೇಷ್ಟ್ರು, ಅವರ ಪತ್ನಿ, ಹಿರಿಯ ಮಗ. ಸುಮಿತ್ರಾ ಬಾಗಿಲ ಬಳಿ ನಿಂತಿದ್ದರು. ಮನೋವೈದ್ಯರು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರಿಸಿದವರು ಪ್ರಶಾಂತ್. ‘ಮಾತ್ರೆ ಒಂದೂ ತಪ್ಪಿಲ್ಲ ಡಾಕ್ಟ್ರೇ, ಆಪ್‌ನಲ್ಲಿ ನೂರಕ್ಕೆ ನೂರು ತೋರಿಸುತ್ತಿದೆ’ ಎಂದರು. ಅದು ಸುಳ್ಳಲ್ಲ. ಪಟ್ಟಿಯಲ್ಲಿದ್ದ ಮಾತ್ರೆಗಳೆಲ್ಲ ಸರಿಯಾಗಿ ಸಂದಿದ್ದವು. ಪಟ್ಟಿಯಲ್ಲಿಲ್ಲದ ಮಾತ್ರೆಗಳ ಬಗ್ಗೆ ಹಸಿರು ಗುರುತು ಏನನ್ನೂ ಹೇಳುವಂತಿರಲಿಲ್ಲ. ರಾತ್ರಿ ಮಲಗುವಂತೆ ಏನಾದರೂ ಕೊಡಿ, ಅತ್ತಿಗೆಗೆ ನಿದ್ರೆಯಿಲ್ಲ ಎಂದು ಅವರು ಕಳಕಳಿಯಿಂದಲೇ ಕೇಳಿದರು. ವೈದ್ಯರು ಕಡಿಮೆ ಪ್ರಮಾಣದ ಮನೋವಿಕೃತಿ ನಿರೋಧಕ (ಆಂಟಿಸೈಕೋಟಿಕ್) ಔಷಧವೊಂದನ್ನು ಯೋಚಿಸತೊಡಗಿದರು. ಆಗ ಸುಮಿತ್ರಾ, ‘ಅದಲ್ಲ, ಮಾವಂಗೆ...’ ಎಂದು ಆರಂಭಿಸಿ, ಅತ್ತೆಯ ಮುಖ ನೋಡಿ ಸುಮ್ಮನಾದರು.

ಈ ಪ್ರಕರಣದಲ್ಲಿ ನಾನು ಸರಿಯಾಗಿ ಮಾಡಿದೆನೆಂದು ಹೇಳಬಹುದಾದದ್ದು ಆ ಅರ್ಧ ಮಾತನ್ನು ಬರೆದಿಟ್ಟುಕೊಂಡದ್ದು. ಸಮಾಲೋಚನೆ ಮುಗಿದ ಕೂಡಲೇ ವೈದ್ಯರಿಗೆ, ನಾಳೆ ಸುಮಿತ್ರಾ ಅವರೊಬ್ಬರ ಬಳಿ ಮಾತಾಡುವವರೆಗೆ ಔಷಧ ಬರೆಯಬೇಡಿ ಎಂದು ಕೇಳಿಕೊಂಡೆ, ಅವರು ಒಪ್ಪಿದರು. ಇಂಥ ಔಷಧಗಳು ಮರೆಗುಳಿ ಕಾಯಿಲೆ ಇರುವ ಹಿರಿಯರಲ್ಲಿ ಸಾವಿನ ಅಪಾಯವನ್ನು ಹೆಚ್ಚಿಸುತ್ತವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2005ರಲ್ಲೇ ಎಚ್ಚರಿಸಿತ್ತು. ಬೇರೆ ದಾರಿಯೇ ಇಲ್ಲದಾಗ ಅವನ್ನು ಕೊಡಬೇಕಾಗುತ್ತದೆ, ನಿಜ. ಆದರೆ ಕಾರಣ ಹುಡುಕುವ ಮೊದಲೇ ಕೊಡುವುದು ಬೇರೆ.

ಮರುದಿನ ಹನ್ನೊಂದರ ಹೊತ್ತಿಗೆ, ನೆಟ್‌ವರ್ಕ್ ಸಿಗುವ ಗುಡ್ಡದ ಮೇಲೆ ಸೊಪ್ಪು ತರಲು ಹೋದಾಗ ಸುಮಿತ್ರಾ ಮಾತಾಡಿದರು. ‘ನಿನ್ನೆ ಹೇಳಕ್ಕೆ ಆಗಲಿಲ್ಲ ಮೇಡಂ. ಮಾವ ಎರಡಕ್ಕೆ ಹೋಗಿ ಆರು ದಿನ ಆಯ್ತು. ಒಂದಕ್ಕೂ ಸರಿಯಾಗಿ ಹೋಗ್ತಿಲ್ಲ, ತೊಟ್ಟು ತೊಟ್ಟು ಬಟ್ಟೆ ಒದ್ದೆ ಆಗ್ತದೆ ಅಷ್ಟೆ. ಹೊಟ್ಟೆ ಮುಟ್ಟಿದ್ರೆ ಹೊಡಿಯಕ್ಕೆ ಬರ್ತಾರೆ. ಅತ್ತೆ, ಮೈದುನನ ಎದುರು ಇದನ್ನೆಲ್ಲ ಹೇಗೆ ಹೇಳದು?’ ಇನ್ನೂ ಹೇಳಿದರು: ಬೆಳಗ್ಗೆ ತನ್ನನ್ನು ಹೆಸರು ಹಿಡಿದು ಕರೆಯುತ್ತಾರೆ, ಸಂಜೆಗೆ ಗೋಡೆಯ ಮೇಲೆ ಇರುವೆ ಹರಿಯುತ್ತಿದೆ ಎನ್ನುತ್ತಾರೆ, ಪಕ್ಕದ ಮನೆಯ ಅಜ್ಜಿ ಬಂದು ನೋಡಿ ‘ಇದು ಮರೆವಲ್ಲ, ಸನ್ನಿ’ ಎಂದರು.

ಆ ಅಜ್ಜಿ ಸರಿಯಾಗಿಯೇ ಹೇಳಿದ್ದರು. ದಿಢೀರನೆ ಶುರುವಾಗಿ, ಹೊತ್ತು ಹೊತ್ತಿಗೆ ಏರಿಳಿಯುತ್ತ, ಗಮನವನ್ನೇ ಕದಡಿಬಿಡುವ ಆ ಸ್ಥಿತಿಯನ್ನು ವೈದ್ಯರು ಡೆಲಿರಿಯಂ ಎನ್ನುತ್ತಾರೆ. ಸೋಂಕು, ಮಲಬದ್ಧತೆ, ಮೂತ್ರ ಕಟ್ಟುವುದು, ನೀರಿನ ಕೊರತೆ, ಹೊಸ ಔಷಧ ಇವು ಅದರ ಸಾಮಾನ್ಯ ಕಾರಣಗಳು. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ಯಾವುದಕ್ಕೆಂದು ತಿಳಿಯದವನ್ನೂ, ಒಂದೆಡೆ ಇಟ್ಟು ಚಿತ್ರ ಕಳಿಸಿ ಎಂದು ಕೇಳಿದೆ. ಸಂಜೆ ಒಂದು ಮೊರದ ಮೇಲೆ ಹರಡಿದ ಮಾತ್ರೆಪಟ್ಟಿಗಳ ಚಿತ್ರ ಬಂತು. ನಮ್ಮ ಶುಶ್ರೂಷಕಿ ಅದನ್ನು ದೊಡ್ಡದು ಮಾಡಿ ನೋಡಿ ಎರಡು ಹೆಸರುಗಳನ್ನು ಓದಿದರು: ಟಾಲ್ಟೆರೊಡಿನ್, ಕ್ಲೋರ್‌ಫೆನಿರಮಿನ್.

ಇಲ್ಲಿ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡೊನೆಪೆಜಿಲ್ ದೇಹದಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬೇಗ ಒಡೆದುಹೋಗದಂತೆ ತಡೆಯುತ್ತದೆ. ಮಿದುಳಿಗೆ ಇದರಿಂದ ಸ್ವಲ್ಪ ಅನುಕೂಲ. ಆದರೆ ಅದೇ ರಾಸಾಯನಿಕ ಮೂತ್ರಕೋಶವನ್ನೂ ಹಿಂಡುವುದರಿಂದ ಕೆಲವರಲ್ಲಿ ಮೂತ್ರದ ಆತುರ ಹುಟ್ಟುತ್ತದೆ. ಟಾಲ್ಟೆರೊಡಿನ್ ಅದೇ ಅಸಿಟೈಲ್‌ಕೋಲಿನ್‌ನ ಕೆಲಸವನ್ನು ತಡೆಯುವ ಔಷಧ. ಅಂದರೆ ಒಂದು ಮಾತ್ರೆಯ ಅಡ್ಡಪರಿಣಾಮಕ್ಕೆ, ಅದು ಹೊಸ ಕಾಯಿಲೆಯೆಂದು ತಿಳಿದು, ಎದುರು ದಿಕ್ಕಿಗೆ ಎಳೆಯುವ ಇನ್ನೊಂದು ಮಾತ್ರೆ ಬಂದಿತ್ತು. ನೆಗಡಿ ಮಾತ್ರೆಯೂ ಅದೇ ಕಡೆಗೆ ಎಳೆಯುವಂಥದ್ದು. ಕರುಳು ನಿಧಾನವಾಯಿತು, ಮೊದಲೇ ಪ್ರಾಸ್ಟೇಟ್ ಊದಿದ್ದ ಮೇಷ್ಟ್ರಿಗೆ ಮೂತ್ರ ಕಟ್ಟಿತು, ಮನಸ್ಸು ಕದಡಿತು. ಡೊನೆಪೆಜಿಲ್ ಗುಂಪಿನ ಔಷಧ ಪಡೆಯುವ ಹಿರಿಯರಿಗೆ ಇಂಥ ಮೂತ್ರದ ಔಷಧ ಸೇರಿಕೊಳ್ಳುವ ಸಂಭವ ಹೆಚ್ಚೆಂದು ಕೆನಡಾದ ಒಂಟಾರಿಯೊ ಪ್ರಾಂತದ ದಾಖಲೆಗಳನ್ನು ಆಧರಿಸಿ 2005ರಲ್ಲೇ ಒಂದು ಅಧ್ಯಯನ ಪ್ರಕಟವಾಗಿತ್ತು. ಪೇಟೆಯ ವೈದ್ಯರನ್ನು ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಅವರ ಮುಂದೆ ಪೂರ್ತಿ ಪಟ್ಟಿ ಇರಲಿಲ್ಲ. ಪೂರ್ತಿ ಪಟ್ಟಿ ಇಡಬೇಕಾಗಿದ್ದ ನಮ್ಮ ವೇದಿಕೆಯಲ್ಲೂ ಅದು ಇರಲಿಲ್ಲ.

ಹೊಟ್ಟೆ ಮುಟ್ಟಿ ನೋಡಬೇಕಾದ ಸ್ಥಿತಿಯನ್ನು ಪರದೆಯಲ್ಲಿ ನಿಭಾಯಿಸುವುದು ಸಲ್ಲದೆಂದು ಮನೋವೈದ್ಯರು ಅದೇ ರಾತ್ರಿ ನಿರ್ಧರಿಸಿದರು. ಎದುರಾಗಿ ಪರೀಕ್ಷಿಸುವ ಅಗತ್ಯವಿದೆ ಎನಿಸಿದರೆ ಹಾಗೆಯೇ ಸಲಹೆ ಮಾಡಬೇಕೆಂದು ದೂರವೈದ್ಯ ಮಾರ್ಗಸೂಚಿಯೂ ಹೇಳುತ್ತದೆ. ತಾಲ್ಲೂಕು ಆಸ್ಪತ್ರೆಗೆ ಒಂದು ಪುಟದ ಪತ್ರವನ್ನೂ ಪೂರ್ತಿ ಔಷಧ ಪಟ್ಟಿಯನ್ನೂ ಸುಮಿತ್ರಾ ಅವರ ವಾಟ್ಸ್‌ಆಪ್‌ಗೆ ಕಳಿಸಿದೆವು. ಬೆಳಗ್ಗೆ ಆಸ್ಪತ್ರೆಯಲ್ಲಿ ನಳಿಕೆ ಹಾಕಿ ಕಟ್ಟಿದ್ದ ಮೂತ್ರ ತೆಗೆದರು, ಎನಿಮಾ ಕೊಟ್ಟರು. ಅಲ್ಲಿನ ವೈದ್ಯರೂ ನಮ್ಮ ಮನೋವೈದ್ಯರೂ ಫೋನಿನಲ್ಲಿ ಮಾತಾಡಿಕೊಂಡು ಟಾಲ್ಟೆರೊಡಿನ್ ಮತ್ತು ನೆಗಡಿ ಮಾತ್ರೆಯನ್ನು ನಿಲ್ಲಿಸಿದರು, ಡೊನೆಪೆಜಿಲ್ ಅನ್ನು ಮತ್ತೆ 5 ಮಿಲಿಗ್ರಾಂಗೆ ಇಳಿಸಿದರು. ನಾಲ್ಕನೆಯ ದಿನ ಮೇಷ್ಟ್ರು ರಾತ್ರಿ ಮಲಗಿದರು. ಪೂರ್ತಿ ತಿಳಿಯಾಗಲು ಎರಡೂವರೆ ವಾರ ಬೇಕಾಯಿತು. ಮರೆವು ಹಾಗೇ ಇತ್ತು, ಆದರೆ ಜೂನ್‌ನಲ್ಲಿ ಕಂಡ ಮೇಷ್ಟ್ರು ಹಿಂದಿರುಗಿದ್ದರು.

ಇದನ್ನು ಓದಿದ ಆರೈಕೆದಾರರು ತಾವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು. ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ಒಬ್ಬ ವೈದ್ಯರ ಮುಂದೆ ಇಡಬೇಕು.

ಹೊರೆಯ ಪ್ರಶ್ನಾವಳಿ

ಆ ಗಡಿಬಿಡಿ ಮುಗಿದ ಮೇಲೆ ಹಳೆಯ ಕಡತಗಳನ್ನು ತೆಗೆದು ನೋಡಿದಾಗ ಇನ್ನೊಂದು ವಿಷಯ ಕಂಡಿತು. ಆರೈಕೆದಾರರ ಹೊರೆಯನ್ನು ಅಳೆಯಲು ನಾವು ಜರಿಟ್ ಪ್ರಶ್ನಾವಳಿ ಬಳಸುತ್ತಿದ್ದೆವು. ಅದರಲ್ಲಿ 22 ಪ್ರಶ್ನೆಗಳು, 0ಯಿಂದ 88ರವರೆಗೆ ಅಂಕ. ಹೆಚ್ಚಿದಷ್ಟೂ ಹೊರೆ ಹೆಚ್ಚು. ಜುಲೈನಲ್ಲಿ ಸುಮಿತ್ರಾ ಅವರ ಅಂಕ 6. ಈ ಮನೆಯಲ್ಲಿ 6 ಎಂಬುದು ನಂಬುವ ಮಾತಾಗಿರಲಿಲ್ಲ, ಆದರೂ ಆಗ ಯಾರೂ ಕೇಳಿರಲಿಲ್ಲ.

ಕೇಳಿದಾಗ ಕಾರಣ ಸರಳವಾಗಿತ್ತು. ಅವರ ಉತ್ತರಗಳು ಖಾತೆದಾರರ ಪರದೆಗೆ, ಅಂದರೆ ಮೈದುನನ ಫೋನಿಗೆ ಹೋಗುತ್ತಿದ್ದವು. ‘ನಿಮ್ಮ ಸಂಬಂಧಿಕರ ಬಳಿ ಇದ್ದಾಗ ನಿಮಗೆ ಕೋಪ ಬರುತ್ತದೆಯೇ’ ಎಂಬ ಪ್ರಶ್ನೆಗೆ ಮನೆಯ ಸೊಸೆ, ಮನೆಯವರು ಓದುವ ಜಾಗದಲ್ಲಿ, ಏನೆಂದು ಉತ್ತರಿಸಿಯಾಳು? ಅಕ್ಟೋಬರ್‌ನಲ್ಲಿ ಅದೇ ಪ್ರಶ್ನೆಗಳನ್ನು ನಾನು ಫೋನಿನಲ್ಲಿ, ಅವರೊಬ್ಬರೇ ಇದ್ದಾಗ, ನಮ್ಮ ಮಾತಿನ ಕನ್ನಡದಲ್ಲಿ ಕೇಳಿ ಗುರುತು ಮಾಡಿಕೊಂಡೆ. ಅಂಕ 47 ಬಂತು. ಕೊನೆಯ ಪ್ರಶ್ನೆಗೆ ಉತ್ತರಿಸಿ ಅವರು ಅತ್ತರು. ನಾನು ಸುಮ್ಮನೆ ಫೋನ್ ಹಿಡಿದು ಕೂತಿದ್ದೆ. ಆಮೇಲೆ ಅವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆ ಕೊಟ್ಟೆ. ರಾತ್ರಿ ಎರಡು ಗಂಟೆಗೆ ನಮ್ಮ ತಂಡ ಸಿಗುವುದಿಲ್ಲ, ಅಲ್ಲಿ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ ಎಂಬುದು ಕಾರಣ.

ಆರೈಕೆದಾರರ ಆರೋಗ್ಯದ ಮಾಹಿತಿ ಆರೈಕೆದಾರರದು. ರೋಗಿಯ ಖಾತೆಯೊಳಗೆ ಅದನ್ನು ಹಾಕಿಬಿಟ್ಟದ್ದು ವೇದಿಕೆಯ ಅತಿ ದೊಡ್ಡ ತಪ್ಪೆಂದು ನಾನು ಇಂದಿಗೂ ಭಾವಿಸುತ್ತೇನೆ. ಔಷಧದ ವಿಷಯ ಒಂದು ಮೊರದ ಚಿತ್ರದಿಂದ ಹೊರಬಂತು. ಇದು ಇನ್ನೂ ವರ್ಷಗಟ್ಟಲೆ ಹೊರಬಾರದೆ ಇರಬಹುದಿತ್ತು.

ಖಾತೆಯ ಮಾತು

ಖಾತೆಯ ಮುಖ್ಯ ಹಕ್ಕನ್ನು ಸುಮಿತ್ರಾ ಅವರಿಗೆ ವರ್ಗಾಯಿಸೋಣ ಎಂದು ಪ್ರಶಾಂತ್ ಅವರನ್ನು ಕೇಳಿದಾಗ ಅವರಿಗೆ ನೋವಾಯಿತು. ‘ದೂರ ಇದ್ದೀನಿ ಅನ್ನೋದಕ್ಕೆ ನನ್ನನ್ನು ಹೊರಗಿಡ್ತಿದ್ದೀರಾ?’ ಎಂದರು. ಅವರು ರಾತ್ರಿ ಹನ್ನೊಂದಕ್ಕೆ, ಹನ್ನೆರಡಕ್ಕೆ ಆ ಪರದೆಯನ್ನು ತೆರೆದು ನೋಡುತ್ತಿದ್ದುದು ಕಡತದಲ್ಲಿತ್ತು. ಊರಿನಿಂದ ದೂರ ಬಂದ ಮಗನಿಗೆ ತಂದೆಯ ಜೊತೆ ಉಳಿದಿದ್ದ ದಾರಿ ಅದೊಂದೇ. ಅದನ್ನು ಕಿತ್ತುಕೊಳ್ಳುವುದು ನಮ್ಮ ಉದ್ದೇಶವಲ್ಲ ಎಂದು ತಿಳಿಸಲು ಮೂರು ಸಲ ಮಾತಾಡಬೇಕಾಯಿತು. ಕೊನೆಗೆ ಆದ ಏರ್ಪಾಡು: ಔಷಧದ ಪಟ್ಟಿ ತಿದ್ದುವುದು, ವೈದ್ಯರ ಸಮಯ ಕೇಳುವುದು ಇಬ್ಬರಿಂದಲೂ ಸಾಧ್ಯ; ಸುಮಿತ್ರಾ ಅವರ ಸ್ವಂತ ಉತ್ತರಗಳು ಅವರಿಗೆ ಮತ್ತು ನನಗೆ ಮಾತ್ರ; ಯಾರು ತುಂಬಿದ ಉತ್ತರ ಎಂಬುದು ಪ್ರತಿ ದಿನದ ಪಕ್ಕದಲ್ಲೇ ಕಾಣಬೇಕು. ಈ ಬದಲಾವಣೆಗಳನ್ನು ಮಾಡಿಸಲು ನಾನು ನಮ್ಮ ತಾಂತ್ರಿಕ ತಂಡದೊಂದಿಗೆ ಎರಡು ತಿಂಗಳು ವಾದಿಸಿದೆ.

ಮೇಷ್ಟ್ರನ್ನೂ ಕೇಳಿದೆವು. ಕಾಯಿಲೆ ಇನ್ನೂ ಆರಂಭದಲ್ಲಿದ್ದುದರಿಂದ, ಬೆಳಗಿನ ಹೊತ್ತು ಅವರು ತಮ್ಮ ಇಷ್ಟಾನಿಷ್ಟ ಹೇಳಬಲ್ಲವರಾಗಿದ್ದರು. ‘ಲೆಕ್ಕ ಯಾರು ಬರೀತಾರೋ ಪುಸ್ತಕ ಅವರ ಹತ್ರ ಇರಬೇಕು’ ಎಂದರು. ಸೊಸೈಟಿಯ ಲೆಕ್ಕದ ನೆನಪಿನಲ್ಲಿ ಹೇಳಿದರೋ, ನಮ್ಮ ಪ್ರಶ್ನೆಗೇ ಹೇಳಿದರೋ ಗೊತ್ತಾಗಲಿಲ್ಲ. ಜೂನ್‌ನಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ.

ದಿನದ ಐದು ಪ್ರಶ್ನೆಗಳನ್ನು ಈ ಮನೆಯ ಮಟ್ಟಿಗೆ ನಿಲ್ಲಿಸಿ, ವಾರಕ್ಕೆರಡು ಧ್ವನಿ ಸಂದೇಶ ಕಳಿಸಿ ಎಂದೆವು. ಸುಮಿತ್ರಾ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಲೇ ಎರಡು ಮೂರು ನಿಮಿಷ ಮಾತಾಡಿ ಕಳಿಸುತ್ತಿದ್ದರು. ಅದನ್ನು ಒಬ್ಬ ಮನುಷ್ಯರೇ ಕೂತು ಕೇಳಬೇಕು. ಇದು ಖರ್ಚಿನ ಬಾಬ್ತು, ನಿಜ. ಆದರೆ ಆ ಸಂದೇಶಗಳಲ್ಲಿ ನಮಗೆ ಮಲಬದ್ಧತೆ ಗೊತ್ತಾಯಿತು, ಡಿಸೆಂಬರ್‌ನಲ್ಲಿ ಕಾಲಿನ ಬಾವು ಗೊತ್ತಾಯಿತು, ಅವರ ಸ್ವಂತ ಧ್ವನಿ ದಣಿದದ್ದೂ ಗೊತ್ತಾಯಿತು. ವರ್ತನೆಯ ಪ್ರಶ್ನೆಯನ್ನು ಉಳಿದ ಮನೆಗಳಿಗಾಗಿ ತಿದ್ದಿ, ‘ಇವತ್ತು ಸಿಟ್ಟು, ಚಡಪಡಿಕೆ ಹೆಚ್ಚಿತ್ತಾ?’ ಎಂದು ಬರೆದೆವು. ಅದರ ಕೆಳಗೆ ಇನ್ನೆರಡು ಸೇರಿದವು: ‘ಎರಡಕ್ಕೆ ಹೋಗಿ ಎಷ್ಟು ದಿನ ಆಯ್ತು?’, ‘ಹೊಸ ಮಾತ್ರೆ ಏನಾದರೂ ಶುರುವಾಯ್ತಾ?’ ಅಂಕಗಳು ಒಂದು ವಾರದೊಳಗೆ ಕುಸಿದರೆ ವೇದಿಕೆ ಇನ್ನು ಮುಂದೆ ಹಂತದ ಮಾತೆತ್ತದೆ, ಅದೇ ದಿನ ಶುಶ್ರೂಷಕಿ ಮನೆಗೆ ಫೋನ್ ಮಾಡುವಂತೆ ಸೂಚಿಸುತ್ತದೆ.

ಹದಿನಾಲ್ಕನೆಯ ತಿಂಗಳಿನವರೆಗೆ

ಅಡಿಕೆ ಕೊಯ್ಲಿನ ಹೊತ್ತಿಗೆ ಈ ಎಲ್ಲ ತಿದ್ದುಪಡಿಗಳ ಮಿತಿ ಗೊತ್ತಾಯಿತು. ಕೊನೆ ಇಳಿಸುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು, ಕೆಲಸದವರ ಊಟ. ಮನೆಯವರಿಗೆ ಉಸಿರಾಡಲು ಬಿಡುವಿಲ್ಲದ ಎರಡು ತಿಂಗಳು. ಸುಮಿತ್ರಾ ಅವರ ಬದಲಿಗೆ ಒಂದು ವಾರ ಯಾರಾದರೂ ಮೇಷ್ಟ್ರನ್ನು ನೋಡಿಕೊಳ್ಳಬೇಕಿತ್ತು. ಅಂಥ ಹಗಲು ಆರೈಕೆ ಕೇಂದ್ರ ಆ ತಾಲ್ಲೂಕಿನಲ್ಲಿ ಇರಲಿಲ್ಲ. ಇರುವುದೆಲ್ಲ ದೊಡ್ಡ ನಗರಗಳ ಆಸುಪಾಸು. ಯಾವ ಆಪ್ ಕೂಡ ಅದನ್ನು ತಂದುಕೊಡಲಾರದು. ನಾನು ಪ್ರಶಾಂತ್ ಅವರಿಗೆ ಇದನ್ನು ನೇರವಾಗಿ ಹೇಳಿದೆ. ಅವರು ಮನೆಯಿಂದಲೇ ಕೆಲಸ ಮಾಡುವ ಅನುಮತಿ ಪಡೆದು ಜನವರಿಯಲ್ಲಿ ಮೂರು ವಾರ ಊರಿಗೆ ಬಂದರು. ಗುಡ್ಡದ ಮೇಲೆ ಲ್ಯಾಪ್‌ಟಾಪ್, ರಾತ್ರಿ ತಂದೆಯ ಪಕ್ಕದಲ್ಲಿ ಹಾಸಿಗೆ. ಸುಮಿತ್ರಾ ಮದುವೆಯ ನಂತರ ಮೊದಲ ಬಾರಿಗೆ ತವರಿನಲ್ಲಿ ಐದು ದಿನ ಒಟ್ಟಿಗೆ ಉಳಿದರು. ಫೆಬ್ರವರಿಯಲ್ಲಿ ನಾನು ಮತ್ತೆ ಕೇಳಿದಾಗ ಅವರ ಹೊರೆಯ ಅಂಕ 33 ಆಗಿತ್ತು.

ಕಾಯಿಲೆ ಮುಂದುವರಿಯಿತು. ಮುಂದಿನ ಮಳೆಗಾಲದ ಹೊತ್ತಿಗೆ ಮೇಷ್ಟ್ರು ಶಾಲೆಯ ದಾರಿಯನ್ನೂ ಮರೆತಿದ್ದರು. ಈಗ ಮೂರು ತಿಂಗಳಿಗೊಮ್ಮೆ ಜಿಲ್ಲಾ ಆಸ್ಪತ್ರೆಗೆ ಎದುರಾಗಿ ಹೋಗಿ ತೋರಿಸುತ್ತಾರೆ, ನಡುವೆ ವಿಡಿಯೊ. ಎಲ್ಲ ಮಾತ್ರೆಗಳ ಪಟ್ಟಿ ಅಡುಗೆಮನೆಯ ಗೋಡೆಯ ಮೇಲೆ ಸುಮಿತ್ರಾ ಅವರ ಕೈಬರಹದಲ್ಲಿದೆ. ಯಾವ ವೈದ್ಯರ ಬಳಿ ಹೋದರೂ ಅದರ ಚಿತ್ರ ಫೋನಿನಲ್ಲಿ ಹೋಗುತ್ತದೆ.

ಜನವರಿಯಲ್ಲಿ ಊರಿನಿಂದ ಹೊರಡುವ ಹಿಂದಿನ ದಿನ ಪ್ರಶಾಂತ್ ನನಗೆ ಕರೆ ಮಾಡಿ, ಮಾತ್ರೆ ಕೊಟ್ಟ ಸೂಚನೆಗಳು ಇನ್ನು ತಮ್ಮ ಫೋನಿಗೆ ಬರುವುದು ಬೇಡ, ನಿಲ್ಲಿಸಿಬಿಡಿ ಎಂದರು. ಅದರ ಬದಲು ಭಾನುವಾರ ಸಂಜೆ ಅತ್ತಿಗೆ ಗುಡ್ಡದ ಮೇಲೆ ಬರುವ ಹೊತ್ತಿಗೆ ತಮಗೊಂದು ನೆನಪಿನ ಗಂಟೆ ಇಡಬಹುದೇ ಎಂದು ಕೇಳಿದರು. ಆರೂವರೆಗೆ ಇಟ್ಟುಕೊಟ್ಟೆ.